ನೂರು ಸುಳ್ಳು ಹೇಳಿ ಒಂದು ಬೂಟ್ ಮಾಡು

ಮ್ಯಾಕ್‌ಓಎಸ್ ಬಹಳ ನಂಬಿಕೆಯ ಪ್ರಾಣಿ. ವಿಂಡೋಸ್ ಹಾಗಲ್ಲ. ಯಾವ ಯಂತ್ರದ ಮೇಲೆ ಬೇಕಾದರೂ ತನ್ನನ್ನು ಕೂರಿಸಬಹುದು ಅಂತ ಅದಕ್ಕೆ ಗೊತ್ತು. ಹಾಗಾಗಿ ಎಲ್ಲವನ್ನೂ ತಡಕಿ ನೋಡುತ್ತದೆ, ಒಂದು ಸಿಗದಿದ್ದರೆ ಇನ್ನೊಂದು ದಾರಿ ಹಿಡಿಯುತ್ತದೆ. ಲಿನಕ್ಸ್ ಈ ವಿಷಯದಲ್ಲಿ ಇನ್ನೂ ಒಂದು ಕೈ ಮೇಲೆ. ಮ್ಯಾಕ್‌ಓಎಸ್‌ಗೆ ಆ ಅಭ್ಯಾಸವೇ ಇಲ್ಲ. ಆಪಲ್ ತಾನೇ ಮಾಡಿದ ಕೆಲವೇ ಕೆಲವು ಮಾಡೆಲ್‌ಗಳಿಗೆ ಅಂತ ಬರೆದದ್ದು ಅದು. ಗಡಿಯಾರ ಇಂಥದ್ದೇ ಇರುತ್ತದೆ, ಯುಎಸ್‌ಬಿ ಪೋರ್ಟ್ ಇಷ್ಟರೊಳಗೇ ಇರುತ್ತವೆ, ಫ್ಯಾನ್ ನೋಡಿಕೊಳ್ಳುವ ಚಿಪ್ ಕರೆದ ತಕ್ಷಣ ಓಗೊಡುತ್ತದೆ ಅಂತ ಮೊದಲೇ ನಂಬಿಕೊಂಡು ಹೊರಡುತ್ತದೆ. ನಾವೇ ಭಾಗ ತಂದು ಜೋಡಿಸಿದ ಪೆಟ್ಟಿಗೆಯಲ್ಲಿ ಇವುಗಳಲ್ಲಿ ಒಂದು ಸುಳ್ಳಾದರೂ ಸಾಕು, ಅಲ್ಲೇ ಕೂತುಬಿಡುತ್ತದೆ. ಯಾಕೆ ಕೂತೆ ಅಂತ ಹೇಳುವುದೂ ಇಲ್ಲ.

ಆಪಲ್ ಮಾಡದ ಪಿಸಿಯ ಮೇಲೆ ಮ್ಯಾಕ್‌ಓಎಸ್ ಓಡಿಸುವುದಕ್ಕೆ ಹ್ಯಾಕಿಂಟಾಶ್ ಅನ್ನುತ್ತಾರೆ. ಅಂದರೆ ಆ ನಂಬಿಕೆಗಳನ್ನು ಹೇಗಾದರೂ ಉಳಿಸಿಕೊಡುವ ಕೆಲಸ. ನೇರವಾಗಿ ಹೇಳಿದರೆ ಸುಳ್ಳು ಹೇಳುವ ಕೆಲಸ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಇದೂ ಅದೇ ಥರ. ಆದರೆ ಹಲವು ವರ್ಷ ಇಂಥ ಯಂತ್ರಗಳನ್ನು ಕಟ್ಟಿ, ಕೆಡವಿ, ಬೇರೆಯವರದ್ದನ್ನೂ ಬಿಚ್ಚಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ನೂರು ಬೇಡವೇ ಬೇಡ. ಎಷ್ಟು ಕಡಿಮೆ ಸುಳ್ಳಿನಲ್ಲಿ ಯಂತ್ರ ಏಳುತ್ತದೋ ಅಷ್ಟು ಕಡಿಮೆ ಹೇಳಬೇಕು. ಹೇಳಿದ ಒಂದೊಂದನ್ನೂ ಯಾಕೆ ಹೇಳಿದೆ ಅಂತ ನೆನಪಿಟ್ಟುಕೊಳ್ಳಬೇಕು. ಎಡವಟ್ಟಾದಾಗ ಹುಡುಕುವುದಕ್ಕೆ ಆ ನೆನಪೇ ಆಧಾರ.

ಹಿನ್ನೆಲೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 2005ರ ಜೂನ್‌ನಲ್ಲಿ ಆಪಲ್ ಪವರ್‌ಪಿಸಿ ಪ್ರೊಸೆಸರ್ ಬಿಟ್ಟು ಇಂಟೆಲ್‌ಗೆ ಹೋಗುವುದಾಗಿ ಘೋಷಿಸಿತು. ಡೆವಲಪರ್‌ಗಳಿಗೆ ಅಂತ ಒಂದು ಪರೀಕ್ಷೆಯ ಯಂತ್ರವನ್ನೂ ಕೊಟ್ಟಿತು. ಹೊರಗಡೆ ಪವರ್ ಮ್ಯಾಕ್ ಜಿ5 ಡಬ್ಬ, ಒಳಗಡೆ ಪೆಂಟಿಯಮ್ 4. ಅದರ ಜೊತೆ ಕೊಟ್ಟಿದ್ದ, ಟೈಗರ್ ಅನ್ನುವ ಹೆಸರಿನ ಮ್ಯಾಕ್ ಆಪರೇಟಿಂಗ್ ಸಿಸ್ಟಂ ಬೇಗನೆ ಸೋರಿ ಹೊರಬಂತು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಐಮ್ಯಾಕ್ ಬರುವ ಹೊತ್ತಿಗಾಗಲೇ ಮಾಮೂಲಿ ಪಿಸಿಗಳ ಮೇಲೆ ಅದು ಓಡುತ್ತಿತ್ತು. ಆಮೇಲೆ ಕಮೀಲಿಯನ್ ಬಂತು, ಕ್ಲೋವರ್ ಬಂತು, 2019ರಲ್ಲಿ ಓಪನ್‌ಕೋರ್ ಬಂತು. ಮೂರೂ ಬೂಟ್‌ಲೋಡರ್‌ಗಳೇ. ಮದರ್‌ಬೋರ್ಡ್‌ನಲ್ಲೇ ಕೂತಿರುವ ಪ್ರೋಗ್ರಾಂ ಆದ ಫರ್ಮ್‌ವೇರ್‌ಗೂ ಮ್ಯಾಕ್‌ಓಎಸ್‌ಗೂ ಮಧ್ಯೆ ನಿಂತು ಇಬ್ಬರಿಗೂ ಸಮಾಧಾನ ಆಗುವ ಹಾಗೆ ಮಾತಾಡುವುದು ಇವುಗಳ ಕೆಲಸ.

ಕಾನೂನಿನ ಮಾತನ್ನೂ ಮುಚ್ಚಿಡುವುದು ಬೇಡ. ಆಪಲ್ ಹೆಸರಿರುವ ಯಂತ್ರದಲ್ಲಿ ಮಾತ್ರ ಹಾಕಬೇಕು ಅಂತ ಲೈಸೆನ್ಸ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. 2008ರಲ್ಲಿ ಅಮೆರಿಕದ ಸೈಸ್ಟಾರ್ ಅನ್ನುವ ಕಂಪನಿ ಮ್ಯಾಕ್‌ಓಎಸ್ ಹಾಕಿದ ಪಿಸಿಗಳನ್ನು ಮಾರುವುದಕ್ಕೆ ಹೊರಟಿತ್ತು. ಆಪಲ್ ಕೇಸು ಹಾಕಿತು, 2009ರಲ್ಲಿ ಸೈಸ್ಟಾರ್ ಸೋತಿತು. ಮನೆಯಲ್ಲಿ ಕಲಿಯುವುದಕ್ಕೆ ಕಟ್ಟಿಕೊಳ್ಳುವುದು ಬೇರೆ, ಕಟ್ಟಿ ಮಾರುವುದು ಬೇರೆ ಅನ್ನುವುದು ನನ್ನ ಲೆಕ್ಕ. ಲೈಸೆನ್ಸ್‌ನ ಲೆಕ್ಕ ಅದಲ್ಲ. ತಿಳಿದೇ ಮಾಡುವ ಕೆಲಸ ಇದು.

ನನ್ನ ಯಂತ್ರದಲ್ಲಿರುವುದು ಇಂಟೆಲ್‌ನ ಒಂಬತ್ತನೇ ತಲೆಮಾರಿನ ಪ್ರೊಸೆಸರ್, ಝಡ್390 ಚಿಪ್‌ಸೆಟ್‌ನ ಮದರ್‌ಬೋರ್ಡ್, ಎಎಮ್‌ಡಿ ಆರ್‌ಎಕ್ಸ್ 5700 ಎಕ್ಸ್‌ಟಿ ಗ್ರಾಫಿಕ್ಸ್ ಕಾರ್ಡ್. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. 2019ರ ಐಮ್ಯಾಕ್‌ನಲ್ಲೂ ಇದೇ ತಲೆಮಾರಿನ ಪ್ರೊಸೆಸರ್ ಇತ್ತು. ಅಂದರೆ ಆಪಲ್‌ನವರೇ ಇದಕ್ಕೆ ಬೇಕಾದ್ದನ್ನು ಬರೆದು ಇಟ್ಟಿದ್ದಾರೆ. ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ಇದು ಇನ್ನೂ ಮುಖ್ಯ. 2018ರ ಮೊಜಾವೆ ಆವೃತ್ತಿಯಿಂದ ಈಚೆಗೆ ಎನ್‌ವಿಡಿಯಾದ ಹೊಸ ಕಾರ್ಡ್‌ಗಳಿಗೆ ಮ್ಯಾಕ್‌ಓಎಸ್‌ನಲ್ಲಿ ಡ್ರೈವರ್ ಇಲ್ಲ. ಹಳೆಯ ಕೆಪ್ಲರ್ ಕಾರ್ಡ್‌ಗಳೂ ಮಾಂಟೆರೇ ಬಂದಾಗ ಹೊರಬಿದ್ದವು. ಎಎಮ್‌ಡಿಯಲ್ಲೂ ಆರ್‌ಎಕ್ಸ್ 6000 ಸಾಲಿನ ಹಲವು ಕಾರ್ಡ್‌ಗಳವರೆಗೆ ಉಂಟು, 7000 ಸಾಲಿಗೆ ಇಲ್ಲ. ಇರುವ ಡ್ರೈವರ್‌ಗೆ "ಇದು ನಿನ್ನ ಕಾರ್ಡೇ" ಅಂತ ನಂಬಿಸಬಹುದು. ಇಲ್ಲದ ಡ್ರೈವರನ್ನು ಯಾವ ಸುಳ್ಳಿನಿಂದಲೂ ಹುಟ್ಟಿಸುವುದಕ್ಕೆ ಆಗಲ್ಲ. ವಾರಗಟ್ಟಲೆ ತಲೆ ಕೆಡಿಸಿಕೊಂಡು ಕೊನೆಗೆ "ನಿಮ್ಮ ಕಾರ್ಡ್‌ಗೆ ಬೆಂಬಲವೇ ಇಲ್ಲ" ಅಂತ ತಿಳಿದುಕೊಳ್ಳುವವರನ್ನು ಕಂಡರೆ ಪಾಪ ಅನ್ನಿಸುತ್ತದೆ.

ಎಲ್ಲ ಸುಳ್ಳುಗಳೂ ಒಂದೇ ಕಡೆ ಇರುತ್ತವೆ. ಡಿಸ್ಕ್‌ನ ಮೊದಲಲ್ಲಿ ಕಣ್ಣಿಗೆ ಕಾಣದ ಹಾಗೆ 200 ಎಂಬಿಯ ಒಂದು ಚಿಕ್ಕ ಪಾರ್ಟಿಷನ್ ಇರುತ್ತದೆ, ಅದೇ ಇಎಫ್‌ಐ. ಅದರಲ್ಲಿ ಓಪನ್‌ಕೋರ್‌ನ ಫೋಲ್ಡರ್, ಕೆಕ್ಸ್ಟ್ ಅಂತ ಕರೆಯುವ ಡ್ರೈವರ್‌ಗಳು, ಎಸಿಪಿಐ (ಬೋರ್ಡ್ ತನ್ನಲ್ಲಿರುವ ಸಾಧನಗಳನ್ನು ಪಟ್ಟಿ ಮಾಡಿಟ್ಟಿರುವ ಕೋಷ್ಟಕ) ತೇಪೆಗಳು, ಮತ್ತೆ ಎಲ್ಲಕ್ಕೂ ಯಜಮಾನನ ಹಾಗೆ ಕಾನ್ಫಿಗ್ ಫೈಲ್. ಕೆಕ್ಸ್ಟ್‌ಗಳಲ್ಲಿ ಲಿಲು ಅನ್ನುವುದು ಮೊದಲು ಬರಬೇಕು. ಉಳಿದ ಮುಖ್ಯವಾದವು ಅದರ ಹೆಗಲ ಮೇಲೆ ಕೂರುವಂಥವು. ಪಟ್ಟಿಯಲ್ಲಿ ಕ್ರಮ ತಪ್ಪಿದರೆ ಅವು ಏಳುವುದೇ ಇಲ್ಲ. ಫ್ಯಾನ್ ನೋಡಿಕೊಳ್ಳುವ ಎಸ್‌ಎಂಸಿ ಚಿಪ್‌ನ ವೇಷ ಹಾಕುವ ವರ್ಚುವಲ್‌ಎಸ್‌ಎಂಸಿ ಬೇಕೇ ಬೇಕು. ಫೈಂಡರ್, ಡಾಕ್ ಥರದ ಕೆಲವು ಪ್ರೋಗ್ರಾಂಗಳನ್ನು ಆಪಲ್ ಗೂಢಲಿಪಿಯಲ್ಲಿ ಇಟ್ಟಿದೆ. ಅದನ್ನು ಬಿಡಿಸುವ ಕೀಲಿ ನಿಜವಾದ ಮ್ಯಾಕ್‌ನ ಎಸ್‌ಎಂಸಿ ಚಿಪ್‌ನಲ್ಲಿ ಇರುತ್ತದೆ. ಆ ಕೀಲಿ ಕೇಳುವ ಕೆಕ್ಸ್ಟ್‌ನ ಹೆಸರೇ "ಡೋಂಟ್ ಸ್ಟೀಲ್ ಮ್ಯಾಕ್ ಓಎಸ್ ಎಕ್ಸ್". ಕದಿಯಬೇಡ ಅಂತ ಹೆಸರಿನಲ್ಲೇ ಕೇಳಿಕೊಂಡಿದ್ದಾರೆ. ಹಳೆಯ ಆವೃತ್ತಿಗಳಲ್ಲಿ ಬೂಟ್ ಆಗುವಾಗ ಕಪ್ಪು ತೆರೆಯ ಮೇಲೆ "ಡಿಎಸ್‌ಎಂಓಎಸ್ ಹ್ಯಾಸ್ ಅರೈವ್ಡ್" ಅನ್ನುವ ಸಾಲು ಓಡಿಹೋಗುತ್ತಿತ್ತು. ಅದು ಕಂಡರೆ ಸಾಕು, ಅರ್ಧ ಗೆದ್ದ ಹಾಗೆ ಅಂತ ಆಗ ಎಲ್ಲರೂ ಉಸಿರು ಬಿಡುತ್ತಿದ್ದೆವು.

ಈಗಿನವರು ಹೆದರುವ ಸಾಲು ಬೇರೆ. ವರ್ಬೋಸ್ ಮೋಡ್ ಹಾಕಿದರೆ ಆಪಲ್ ಚಿಹ್ನೆಯ ಬದಲು ಬಿಳಿ ಅಕ್ಷರದ ಸಾಲುಗಳು ಸರಸರ ಓಡುತ್ತವೆ. ಓಡುತ್ತ ಓಡುತ್ತ "ಲಾಗ್, ಎಕ್ಸಿಟ್‌ಬಿಎಸ್, ಸ್ಟಾರ್ಟ್" ಅನ್ನುವಲ್ಲಿ ನಿಂತುಬಿಡುತ್ತದೆ. ಇನ್ನೇನೂ ಇಲ್ಲ. ಫ್ಯಾನ್ ತಿರುಗುತ್ತಿರುತ್ತದೆ, ತೆರೆ ಅಲ್ಲಾಡುವುದಿಲ್ಲ.

ಈ ಸಾಲನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಯಂತ್ರ ಆನ್ ಆದಾಗಿನಿಂದ ಅಲ್ಲಿವರೆಗೆ ತೆರೆ, ಡಿಸ್ಕ್, ಕೀಬೋರ್ಡ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಮದರ್‌ಬೋರ್ಡ್‌ನ ಫರ್ಮ್‌ವೇರ್. ಈ ಸಾಲು ಬರುವ ಕ್ಷಣದಲ್ಲಿ ಆಪಲ್‌ನ ಬೂಟರ್ ಅದಕ್ಕೆ "ಇನ್ನು ನೀನು ಹೊರಡು" ಅಂತ ಹೇಳಿ ಮ್ಯಾಕ್‌ಓಎಸ್‌ನ ತಿರುಳಾದ ಕರ್ನಲ್ ಕೈಗೆ ಯಂತ್ರ ಒಪ್ಪಿಸುತ್ತದೆ. ಕರ್ನಲ್‌ಗೆ ಇನ್ನೂ ತೆರೆಯ ಮೇಲೆ ಬರೆಯುವ ಶಕ್ತಿ ಬಂದಿರುವುದಿಲ್ಲ. ಆ ಸಂದಿಯಲ್ಲಿ ಏನಾದರೂ ಕೆಟ್ಟರೆ ಹೇಳುವುದಕ್ಕೆ ಯಾರೂ ಇಲ್ಲ. ಹಾಗಾಗಿ ಆ ಸಾಲು ತೊಂದರೆಯ ಹೆಸರು ಹೇಳುತ್ತಿಲ್ಲ. ಅಲ್ಲಿವರೆಗೆ ಎಲ್ಲ ಸರಿ ಇತ್ತು ಅಂತ ಮಾತ್ರ ಹೇಳುತ್ತಿದೆ. ಆದರೆ ಜನ ಮಾಡುವುದೇನು? ಆ ಸಾಲನ್ನು ಹಾಗೇ ಹುಡುಕುತ್ತಾರೆ. ಹತ್ತು ಕಡೆ ಹತ್ತು ಪರಿಹಾರ ಸಿಗುತ್ತದೆ. ಹತ್ತನ್ನೂ ಒಟ್ಟಿಗೆ ಹಾಕುತ್ತಾರೆ. ಅದೃಷ್ಟ ಇದ್ದರೆ ಬೂಟ್ ಆಗುತ್ತದೆ. ಯಾವುದರಿಂದ ಆಯಿತು ಅಂತ ಮಾತ್ರ ಗೊತ್ತಾಗುವುದೇ ಇಲ್ಲ.

ನಾನು ನೋಡುವ ರೀತಿ ಹೀಗೆ. ಆ ಸಂದಿಯಲ್ಲಿ ಕರ್ನಲ್‌ಗೆ ಏನೇನು ಬೇಕು? ಮೆಮೊರಿಯಲ್ಲಿ ತನಗೆ ಬೇಕಾದಷ್ಟು ಜಾಗ ಒಂದೇ ಕಡೆ ಬೇಕು. ಪ್ರೊಸೆಸರ್‌ನ ವಿದ್ಯುತ್ ನಿರ್ವಹಣೆಯ ರಿಜಿಸ್ಟರ್ ಅನ್ನುವ ಪುಟ್ಟ ಖಾನೆಗೆ ಬರೆಯುವ ಅಧಿಕಾರ ಬೇಕು. ಗಡಿಯಾರ ಬೇಕು. ಎಲ್ಲವೂ ಅಲ್ಲದಿದ್ದರೂ ಬಹುತೇಕ ಕೇಸುಗಳು ಈ ಮೂರರಲ್ಲೇ ಮುಗಿಯುತ್ತವೆ.

ಚೆನ್ನಾಗಿ ಓಡುತ್ತಿದ್ದ ನನ್ನ ಯಂತ್ರ ಒಂದು ಬಯಾಸ್ (ಅದೇ ಬೋರ್ಡ್‌ನ ಫರ್ಮ್‌ವೇರ್) ಅಪ್‌ಡೇಟ್ ಆದ ಮೇಲೆ ಇದೇ ಸಾಲಿನಲ್ಲಿ ನಿಂತಿತು. ಕಾನ್ಫಿಗ್‌ನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಬೋರ್ಡ್ ತಯಾರಕರ ಅಪ್‌ಡೇಟ್ ಎಲ್ಲ ಸೆಟ್ಟಿಂಗ್‌ಗಳನ್ನೂ ಸದ್ದಿಲ್ಲದೆ ಮೊದಲಿನ ಸ್ಥಿತಿಗೆ ತಂದಿತ್ತು. ಸಿಎಫ್‌ಜಿ ಲಾಕ್ ಮತ್ತೆ ಆನ್. ಇದು ಆನ್ ಇದ್ದರೆ ಇ2 ಅನ್ನುವ ರಿಜಿಸ್ಟರ್‌ಗೆ ಯಾರೂ ಬರೆಯುವ ಹಾಗಿಲ್ಲ. ಮ್ಯಾಕ್‌ಓಎಸ್ ಕರ್ನಲ್ ಅದಕ್ಕೇ ಬರೆಯಲು ಹೋಗುತ್ತದೆ. ಬಾಗಿಲು ಬೀಗ ಹಾಕಿರಬಹುದು ಅನ್ನುವ ಯೋಚನೆಯೇ ಅದಕ್ಕಿಲ್ಲ. ಹೋಗಿ ಡಿಕ್ಕಿ ಹೊಡೆದು ಅಲ್ಲೇ ಬೀಳುತ್ತದೆ.

ಇದಕ್ಕೆ ಎರಡು ಮದ್ದು ಉಂಟು. ಓಪನ್‌ಕೋರ್‌ನಲ್ಲಿ ಕ್ವಿರ್ಕ್ ಅಂತ ಕರೆಯುವ ಒಂದು ಸ್ವಿಚ್ ಆನ್ ಮಾಡಿದರೆ ಅದು ಕರ್ನಲನ್ನೇ ತಿದ್ದಿ ಆ ರಿಜಿಸ್ಟರ್ ಹತ್ತಿರ ಹೋಗದ ಹಾಗೆ ಮಾಡುತ್ತದೆ. ಇನ್ನೊಂದು, ಬಯಾಸ್‌ಗೆ ಹೋಗಿ ಲಾಕ್ ತೆಗೆಯುವುದು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ನಿಜ ಹೇಳಿ ಕೆಲಸ ಆಗುವ ಕಡೆ ಸುಳ್ಳು ಯಾಕೆ? ಬಯಾಸ್‌ನಲ್ಲಿ ಆ ಆಯ್ಕೆಯನ್ನೇ ಬಚ್ಚಿಟ್ಟಿರುವ ಬೋರ್ಡ್‌ಗಳೂ ಇವೆ, ಆಗ ಕ್ವಿರ್ಕ್ ಬೇಕಾಗುತ್ತದೆ. ಮೆಮೊರಿಯ ಕಥೆಯೂ ಇದೇ. ಬಯಾಸ್‌ನಲ್ಲಿ ಅಬೊವ್ 4ಜಿ ಡಿಕೋಡಿಂಗ್ ಅನ್ನುವ ಆಯ್ಕೆ ಇದ್ದರೆ ಅದನ್ನು ಆನ್ ಮಾಡಬೇಕು. ಅದಿಲ್ಲದ ಹಳೆಯ ಬೋರ್ಡ್‌ಗಳಿಗೆ ಅಂತ ಎನ್‌ಪಿಸಿಐ ಅನ್ನುವ ಒಂದು ಬೂಟ್ ಆರ್ಗ್ಯುಮೆಂಟ್, ಅಂದರೆ ಬೂಟ್ ಆಗುವಾಗ ಕೊಡುವ ಸೂಚನೆ, ಇದೆ. ಎರಡನ್ನೂ ಒಟ್ಟಿಗೆ ಇಡಬಾರದು. ಇಟ್ಟಿರುವವರ ಕಾನ್ಫಿಗ್‌ಗಳು ನನ್ನ ಕೈಗೆ ಬೇಕಾದಷ್ಟು ಬಂದಿವೆ.

ಗಡಿಯಾರದ ಸುಳ್ಳು ನನಗೆ ಬಹಳ ಇಷ್ಟ. ಇಂಟೆಲ್ 300 ಸರಣಿಯ ಬೋರ್ಡ್‌ಗಳಲ್ಲಿ ಹಳೆಯ ಆರ್‌ಟಿಸಿ ಗಡಿಯಾರದ ಜೊತೆಗೆ ಆವಾಕ್ ಅನ್ನುವ ಹೊಸದೊಂದು ಬಂತು. ಮ್ಯಾಕ್‌ಓಎಸ್‌ಗೆ ಹಳೆಯದರ ಜೊತೆ ಮಾತ್ರ ಮಾತು. ಬೋರ್ಡ್ ತನ್ನಲ್ಲಿ ಏನೇನಿದೆ ಅಂತ ಬರೆದಿಟ್ಟಿರುವ ಎಸಿಪಿಐ ಕೋಷ್ಟಕದಲ್ಲಿ ಸ್ಟಾಸ್ ಅನ್ನುವ ಒಂದು ವೇರಿಯಬಲ್ ಇರುತ್ತದೆ. ಅದು 1 ಆದರೆ ಹಳೆಯ ಗಡಿಯಾರ ಕಾಣಿಸುತ್ತದೆ, ಇಲ್ಲದಿದ್ದರೆ ಹೊಸದು. ಅದಕ್ಕೆ ಬರೆದ ತೇಪೆಯಲ್ಲಿ ಕೆಲವೇ ಸಾಲು. ಬಂದಿರುವ ಆಪರೇಟಿಂಗ್ ಸಿಸ್ಟಂ ಡಾರ್ವಿನ್ ಏನಪ್ಪಾ ಅಂತ ಕೇಳುತ್ತದೆ. ಹೌದು ಅಂದರೆ ಸ್ಟಾಸ್‌ನಲ್ಲಿ 1 ಬರೆಯುತ್ತದೆ. ಅಲ್ಲ ಅಂದರೆ ಸುಮ್ನೆ ಇರುತ್ತದೆ. ಮ್ಯಾಕ್‌ಓಎಸ್‌ನ ಬುಡದ ಹೆಸರು ಡಾರ್ವಿನ್ ಅನ್ನುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆ ಪ್ರಶ್ನೆ ಯಾಕೆ ಮುಖ್ಯ ಅಂದರೆ, ಓಪನ್‌ಕೋರ್ ಎಸಿಪಿಐ ತೇಪೆಗಳನ್ನು ಎಲ್ಲರಿಗೂ ಹಂಚುತ್ತದೆ. ಅದೇ ಮೆನುವಿನಿಂದ ವಿಂಡೋಸ್ ಬೂಟ್ ಮಾಡಿದರೆ ಅದಕ್ಕೂ ಇದೇ ಬದಲಾದ ಕೋಷ್ಟಕ. ಡಾರ್ವಿನ್ ಏನು ಅಂತ ಕೇಳದೆ ಬರೆದ ತೇಪೆ ಇದ್ದರೆ ಸುಳ್ಳು ಹೇಳಬೇಕಾದವರಿಗಲ್ಲದೆ ಪಕ್ಕದವರಿಗೂ ಹೇಳಿದ ಹಾಗಾಯಿತು. ಕ್ಲೋವರ್ ಕಾಲದಲ್ಲಿ ಸಾಧನಗಳ ಹೆಸರನ್ನೇ ಬದಲಿಸುವ ಚಾಳಿ ಇತ್ತು. ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ಓಎಸ್ ಇಸಿ ಅನ್ನುವ ಹೆಸರಿನ ಎಂಬೆಡೆಡ್ ಕಂಟ್ರೋಲರ್ ಇಲ್ಲದೆ ಮುಂದೆ ಹೋಗುವುದಿಲ್ಲ. ಪಿಸಿ ಬೋರ್ಡ್‌ಗಳಲ್ಲಿ ಅದರ ಹೆಸರು ಬೇರೆ ಏನೋ ಇರುತ್ತದೆ. ಆಗ ನಾವೆಲ್ಲ ಮಾಡುತ್ತಿದ್ದದ್ದು ಇರುವುದರ ಹೆಸರನ್ನು ಇಸಿ ಅಂತ ತಿದ್ದುವುದು. ಆಪಲ್‌ನ ಡ್ರೈವರ್ ಓಡಿಬಂದು, ತನಗೆ ಸಂಬಂಧವೇ ಇಲ್ಲದ ಚಿಪ್ ಅನ್ನು ಹಿಡಿದುಕೊಳ್ಳುತ್ತಿತ್ತು. ಈಗ ಮಾಡುವುದು ಬೇರೆ. ಡೆಸ್ಕ್‌ಟಾಪ್‌ನಲ್ಲಿ ನಿಜವಾದ ಕಂಟ್ರೋಲರನ್ನು ಮ್ಯಾಕ್‌ಓಎಸ್ ಕಣ್ಣಿಗೆ ಬೀಳದ ಹಾಗೆ ಮರೆ ಮಾಡಿ, ಪಕ್ಕದಲ್ಲಿ ಏನೂ ಮಾಡದ ಒಂದು ಡಮ್ಮಿ ಇಸಿ ಇಡುತ್ತಾರೆ. ಅದಕ್ಕೆ ಬೇಕಿದ್ದದ್ದು ಹೆಸರು ಮಾತ್ರ, ಹೆಸರು ಸಿಕ್ಕಿತು. ಎರಡೂ ಸುಳ್ಳೇ. ಎರಡನೆಯದು ಯಾರ ತಂಟೆಗೂ ಹೋಗುವುದಿಲ್ಲ.

ನನ್ನ ಗೆಳೆಯನೊಬ್ಬ ನನ್ನದೇ ಬೋರ್ಡ್, ನನ್ನದೇ ಪ್ರೊಸೆಸರ್ ತಂದು ಕಟ್ಟಿದ. ಯಾರೋ ಹಂಚಿದ್ದ ಇಎಫ್‌ಐ ಫೋಲ್ಡರ್ ಇಳಿಸಿಕೊಂಡು ಹಾಕಿದ. ಬೂಟ್ ಆಯಿತು. ಮಾರನೇ ದಿನ ಫೋನ್.

"ಲೋ, ಎಲ್ಲ ಸೇಮ್ ಕಣೋ. ಆದ್ರೂ ಮುಂದಿನ ಯುಎಸ್‌ಬಿ ಒಂದೂ ಕೆಲಸ ಮಾಡ್ತಿಲ್ಲ. ನಿದ್ದೆಗೆ ಹಾಕಿದ್ರೆ ಐದು ಸೆಕೆಂಡಲ್ಲಿ ಎದ್ದು ಕೂರುತ್ತೆ."

"ಕಾನ್ಫಿಗ್‌ನಲ್ಲಿ ಸೀರಿಯಲ್ ನಂಬರ್ ಏನಿದೆ ನೋಡು."

ಓದಿ ಹೇಳಿದ. ಫೋಲ್ಡರ್ ಹಂಚಿದವನದೇ ನಂಬರ್. ಅಳಿಸದೆ ಹಾಗೇ ಬಿಟ್ಟಿದ್ದ. ಇನ್ನೂ ಎಷ್ಟು ಜನ ಅದೇ ನಂಬರ್ ಹಾಕಿಕೊಂಡು ಆಪಲ್ ಐಡಿಗೆ ಲಾಗಿನ್ ಆಗಿದ್ದರೋ!

ಆ ಫೋಲ್ಡರ್‌ನಲ್ಲಿ ಇದ್ದದ್ದೆಲ್ಲ ಇನ್ನೊಬ್ಬನ ಪೆಟ್ಟಿಗೆಗೆ ಹೇಳಿದ ಸುಳ್ಳು. ಅವನ ಕೇಸ್‌ನಲ್ಲಿ ಮುಂದೆ ಪೋರ್ಟ್ ಇರಲಿಲ್ಲ, ಅದಕ್ಕೆ ಆ ಸಾಲುಗಳನ್ನು ಅವನು ಕೈಬಿಟ್ಟಿದ್ದ. ಇವನ ಕೇಸ್‌ನಲ್ಲಿ ಇದ್ದವು. ಒಂದೇ ಬೋರ್ಡ್ ಅನ್ನುವುದು ಅರ್ಧ ಸತ್ಯ. ಬಯಾಸ್ ಆವೃತ್ತಿ, ಕೇಸ್‌ನ ವೈರಿಂಗ್, ವೈಫೈ ಕಾರ್ಡ್ ಯಾವ ಸಾಲಿಗೆ ಚುಚ್ಚಿದೆ ಅನ್ನುವುದೆಲ್ಲ ಸೇರಿದರೇ ಒಂದು ಯಂತ್ರ.

ಯುಎಸ್‌ಬಿ ವಿಷಯ ಬಂದಿದ್ದರಿಂದ ಅದನ್ನೇ ಪೂರ್ತಿ ಹೇಳುತ್ತೇನೆ. ಹ್ಯಾಕಿಂಟಾಶ್‌ನಲ್ಲಿ ಜಾಸ್ತಿ ಬೇಸರ ತರಿಸುವ ಕೆಲಸ ಇದು. ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ, ಅದಕ್ಕೇ ಎಲ್ಲರಿಗೂ ತಿರುಗಿ ಬರುತ್ತದೆ.

2015ರಲ್ಲಿ ಎಲ್ ಕ್ಯಾಪಿಟಾನ್ ಬಂದಾಗ ಆಪಲ್ ಯುಎಸ್‌ಬಿ ಭಾಗವನ್ನು ಹೊಸದಾಗಿ ಬರೆಯಿತು. ಅಂದಿನಿಂದ ಒಂದು ಕಂಟ್ರೋಲರ್‌ಗೆ 15 ಪೋರ್ಟ್ ಮಿತಿ. ಆಪಲ್ ಯಂತ್ರಗಳಿಗೆ ಅಷ್ಟು ಧಾರಾಳ ಸಾಕು. ನನ್ನ ಝಡ್390 ಬೋರ್ಡ್‌ನ ಪಟ್ಟಿಯಲ್ಲಿ 26 ಇವೆ. ಹಿಂದೆ ಕಾಣುವ ತೂತುಗಳನ್ನು ಎಣಿಸಿದರೆ ಅಷ್ಟಿಲ್ಲವಲ್ಲ ಅನ್ನಿಸಬಹುದು. ಒಂದು ನೀಲಿ ಯುಎಸ್‌ಬಿ 3 ತೂತು ಲೆಕ್ಕದಲ್ಲಿ ಎರಡು. ಒಳಗೆ ಹಳೆಯ ವೇಗದ ಸಾಲು ಒಂದು, ಹೊಸ ವೇಗದ ಸಾಲು ಒಂದು. ಹಳೆಯವಕ್ಕೆ ಎಚ್‌ಎಸ್, ಹೊಸವಕ್ಕೆ ಎಸ್‌ಎಸ್ ಅಂತ ಹೆಸರು. ಪಟ್ಟಿಯಲ್ಲಿ ಎಚ್‌ಎಸ್‌ಗಳು ಮೊದಲು ಬರುತ್ತವೆ, ಎಸ್‌ಎಸ್‌ಗಳು ಕೊನೆಗೆ. 15ಕ್ಕೆ ಕತ್ತರಿ ಬಿದ್ದರೆ ಹೋಗುವುದು ವೇಗದವೇ. ಯುಎಸ್‌ಬಿ 3 ಡ್ರೈವ್ ಚುಚ್ಚಿದರೆ ಯುಎಸ್‌ಬಿ 2 ವೇಗದಲ್ಲಿ ತೆವಳುವುದು ಇದರಿಂದ. ಇನ್‌ಸ್ಟಾಲ್ ಮಾಡುವಾಗ "ಸ್ಟಿಲ್ ವೇಟಿಂಗ್ ಫಾರ್ ರೂಟ್ ಡಿವೈಸ್" ಅಂತ ಬಂದು ನಿಲ್ಲುವುದಕ್ಕೂ ಹಲವು ಸಲ ಇದೇ ಕಾರಣ. ಪೆನ್‌ಡ್ರೈವ್ ಚುಚ್ಚಿದ ಪೋರ್ಟ್ ಬೂಟ್ ಮಧ್ಯದಲ್ಲಿ ಮಾಯವಾಗಿರುತ್ತದೆ.

ಸುಲಭದ ದಾರಿ ಒಂದಿತ್ತು. ಓಪನ್‌ಕೋರ್‌ನಲ್ಲಿ ಮಿತಿಯನ್ನೇ ತೆಗೆದುಹಾಕುವ ಕ್ವಿರ್ಕ್. ಆನ್ ಮಾಡು, ಮರೆತುಬಿಡು. ಬಹಳ ಜನ ಹಾಗೇ ಮರೆತರು. 2021ರಲ್ಲಿ ಬಿಗ್ ಸರ್ 11.3 ಬಂತು, ಆ ಕ್ವಿರ್ಕ್ ಕೆಲಸ ಮಾಡುವುದು ನಿಂತಿತು. ಅಪ್‌ಡೇಟ್ ಒತ್ತಿದವರ ಯಂತ್ರಗಳು ಬೂಟ್ ಆಗುತ್ತ, ಬೀಳುತ್ತ, ಮತ್ತೆ ಬೂಟ್ ಆಗುತ್ತ ಕೂತವು. ಪೋರ್ಟ್‌ಗಳನ್ನು ಕೂತು ಎಣಿಸಿ, ಬೇಕಾದ 15 ಆರಿಸಿ, ಮ್ಯಾಪ್ ಬರೆದುಕೊಂಡಿದ್ದವರಿಗೆ ಏನೂ ಆಗಲಿಲ್ಲ. ಕಡಿಮೆ ಸುಳ್ಳು ಅಂತ ನಾನು ಪದೇ ಪದೇ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಎಣಿಸುವ ಕೆಲಸ ಹೀಗಿರುತ್ತದೆ. ಯುಎಸ್‌ಬಿ 2 ಪೆನ್‌ಡ್ರೈವ್ ಒಂದು, ಯುಎಸ್‌ಬಿ 3 ಒಂದು ಕೈಯಲ್ಲಿ ಹಿಡಿದು ಪೆಟ್ಟಿಗೆಯ ಹಿಂದೆ ಕೂರಬೇಕು. ಒಂದೊಂದು ತೂತಿಗೂ ಎರಡನ್ನೂ ಚುಚ್ಚಬೇಕು. ತೆರೆಯ ಮೇಲೆ ಯಾವ ಸಾಲಿನ ಬಣ್ಣ ಬದಲಾಯಿತು ಅಂತ ನೋಡಿ ಬರೆದುಕೊಳ್ಳಬೇಕು. ಟೈಪ್ ಸಿ ಇದ್ದರೆ ತಿರುಗಿಸಿಯೂ ಚುಚ್ಚಬೇಕು. ಎರಡು ಕಡೆಗೂ ಒಂದೇ ಸಾಲು ಬಂದರೆ ಅದರ ನಮೂನೆ 9, ಬೇರೆ ಬೇರೆ ಬಂದರೆ 10. ಮಾಮೂಲಿ ಯುಎಸ್‌ಬಿ 2 ಆದರೆ 0, ಯುಎಸ್‌ಬಿ 3 ಆದರೆ 3. ಒಳಗೇ ಕೂತಿರುವ ಬ್ಲೂಟೂತ್ ಥರದ್ದಕ್ಕೆ 255. ಈ ಕೊನೆಯ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಗ್ರಾಫಿಕ್ಸ್‌ನದು ಅಷ್ಟು ಕಷ್ಟದ್ದಲ್ಲ. ಆರ್‌ಎಕ್ಸ್ 5700 ಸಾಲಿನ ಕಾರ್ಡ್ ಇದ್ದವರಿಗೆ ಸಾಲುಗಳೆಲ್ಲ ಓಡಿ ಮುಗಿದು, ಲಾಗಿನ್ ಬರಬೇಕಾದ ಕ್ಷಣದಲ್ಲಿ ತೆರೆ ಕಪ್ಪಾಗುತ್ತದೆ. ಯಂತ್ರ ಸತ್ತಿರುವುದಿಲ್ಲ. ಕ್ಯಾಪ್ಸ್ ಲಾಕ್ ಒತ್ತಿ ನೋಡಿ, ದೀಪ ಹತ್ತುತ್ತದೆ. ಮೊದಲೇ ಎಸ್‌ಎಸ್‌ಎಚ್ ಆನ್ ಮಾಡಿಟ್ಟಿದ್ದರೆ ಇನ್ನೊಂದು ಕಂಪ್ಯೂಟರ್‌ನಿಂದ ಒಳಗೆ ಹೋಗಬಹುದು. ಕಾನ್ಫಿಗ್‌ನಲ್ಲಿ ಯಂತ್ರದ ಮಾಡೆಲ್ ಐಮ್ಯಾಕ್ ಅಂತ ನಾವು ಬರೆದಿರುತ್ತೇವಲ್ಲ, ಮ್ಯಾಕ್‌ಓಎಸ್ ಆ ಮಾಡೆಲ್‌ನ ಬೋರ್ಡ್ ಐಡಿ ನೋಡಿ ಐಮ್ಯಾಕ್‌ನ ತೆರೆಗೆ ತಕ್ಕ ನಿಯಮ ಹಾಕುತ್ತದೆ. ಇಲ್ಲಿ ಇರುವುದು ಹೊರಗಿನ ಮಾನಿಟರ್. ಆ ಪರಿಶೀಲನೆಯನ್ನು ದಾಟಿಸುವುದಕ್ಕೆ ವಾಟೆವರ್‌ಗ್ರೀನ್ ಕೆಕ್ಸ್ಟ್ ಜೊತೆ ಒಂದು ಬೂಟ್ ಆರ್ಗ್ಯುಮೆಂಟ್ ಸಾಕು. ಒಂದು ಸುಳ್ಳು ಹೇಳಿದ್ದಕ್ಕೆ ಇನ್ನೊಂದು ಹೇಳಬೇಕಾಗಿ ಬರುವುದು ಅಂದರೆ ಇದೇ.

ಸೌಂಡ್‌ಗೆ ಆಪಲ್‌ಎಎಲ್‌ಸಿ ಹಾಕಿ, ನಿಮ್ಮ ಕೋಡೆಕ್‌ಗೆ (ಬೋರ್ಡ್‌ನ ಸೌಂಡ್ ಚಿಪ್) ಕೊಟ್ಟಿರುವ ಲೇಔಟ್ ಸಂಖ್ಯೆಗಳನ್ನು ಒಂದೊಂದಾಗಿ ಪ್ರಯತ್ನಿಸಿ. ಇಂಟೆಲ್ ಈಥರ್‌ನೆಟ್‌ಗೆ ಇಂಟೆಲ್‌ಮೌಸಿ. ಈ ಎರಡರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದೇನಿಲ್ಲ.

ನಿದ್ದೆಯ ಕಥೆ ಮಾತ್ರ ಉದ್ದ.

ಗೆಳೆಯನ ಯಂತ್ರದ ಹಾಗೆ ನನ್ನದೂ ಮಲಗಿಸಿದ ಕೂಡಲೇ ಏಳುತ್ತಿತ್ತು. ತೆರೆ ಆರುತ್ತದೆ, ಫ್ಯಾನ್ ನಿಲ್ಲುತ್ತದೆ, ಆಮೇಲೆ ಮತ್ತೆ ಗುಂಯ್. ಇದಕ್ಕೆ ಎಲ್ಲ ಕಡೆ ಸಿಗುವ ಮದ್ದು ಒಂದೇ. ಜಿಪಿಆರ್‌ಡಬ್ಲ್ಯೂ ತೇಪೆ ಹಾಕಿ. ಯಾವ ಸಾಧನ ಯಂತ್ರವನ್ನು ಎಬ್ಬಿಸಬಹುದು ಅಂತ ಹೇಳುವ ಎಸಿಪಿಐ ವಿಧಾನ ಅದು. ತೇಪೆ ಅದರ ಹೆಸರು ಬದಲಿಸಿ, ಅದರ ಜಾಗದಲ್ಲಿ ತಾನು ಕೂತು, ಯುಎಸ್‌ಬಿ ಬಗ್ಗೆ ಕೇಳಿದರೆ "ಎಬ್ಬಿಸುವ ಅಧಿಕಾರ ಇಲ್ಲ" ಅನ್ನುತ್ತದೆ. ಕೆಲಸ ಆಗುತ್ತದೆ. ಆದರೆ ಆಮೇಲೆ ಕೀಬೋರ್ಡ್ ಒತ್ತಿದರೂ ಏಳುವುದಿಲ್ಲ, ಪವರ್ ಬಟನ್ನೇ ಒತ್ತಬೇಕು. ಅದೂ ಯುಎಸ್‌ಬಿ ತಾನೇ!

ನಾನು ಅದನ್ನು ಪಕ್ಕಕ್ಕಿಟ್ಟು ಮೊದಲು ಲಾಗ್ ನೋಡಿದೆ. ಟರ್ಮಿನಲ್‌ನಲ್ಲಿ ಪಿಎಂಸೆಟ್ ಲಾಗ್ ತೆಗೆದರೆ ಪ್ರತಿ ಸಲ ಎದ್ದದ್ದಕ್ಕೂ ಕಾರಣ ಬರೆದಿರುತ್ತದೆ. ಅಲ್ಲಿ ಆರ್‌ಟಿಸಿ ಅಂತ ಇದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಮೇಲ್ ನೋಡುವುದಕ್ಕೋ ಇನ್ಯಾವುದಕ್ಕೋ ಮ್ಯಾಕ್‌ಓಎಸ್ ತಾನೇ ಅಲಾರಂ ಇಟ್ಟುಕೊಂಡು ಎದ್ದಿದೆ. ಪವರ್ ನ್ಯಾಪ್ ಆಫ್ ಮಾಡಿದರೆ ಕಡಿಮೆ ಆಗುತ್ತದೆ. ಜಿಎಲ್‌ಎಎನ್ ಅಂತ ಇದ್ದರೆ ನೆಟ್‌ವರ್ಕ್ ಎಬ್ಬಿಸಿದೆ. ನನ್ನಲ್ಲಿ ಸಾಲು ಸಾಲಾಗಿ ಇದ್ದದ್ದು ಎಕ್ಸ್‌ಎಚ್‌ಸಿ. ಅಂದರೆ ಯುಎಸ್‌ಬಿ ಕಂಟ್ರೋಲರ್. ಹೊರಗೆ ಚುಚ್ಚಿದ್ದನ್ನೆಲ್ಲ ಕಿತ್ತು ಮಲಗಿಸಿದೆ, ಆಗಲೂ ಎದ್ದಿತು. ಹಾಗಾದರೆ ಒಳಗಿನದೇ ಯಾವುದೋ.

ಮ್ಯಾಪ್ ತೆಗೆದು ನೋಡಿದರೆ ಬ್ಲೂಟೂತ್ ಕೂತಿದ್ದ ಸಾಲಿನ ಮುಂದೆ 0 ಅಂತ ಇತ್ತು. ಮ್ಯಾಪ್ ಮಾಡುವ ಪ್ರೋಗ್ರಾಂ ತಾನಾಗಿ ಊಹಿಸಿ ತುಂಬಿದ್ದು. ಯಾರೋ ಹೊರಗಿನಿಂದ ಚುಚ್ಚಿದ, ಯಾವಾಗ ಬೇಕಾದರೂ ಕೀಳಬಹುದಾದ ಸಾಧನ ಅಂತ ಮ್ಯಾಕ್‌ಓಎಸ್ ಅದನ್ನು ನಂಬಿಕೊಂಡಿತ್ತು. 255 ಅಂತ ತಿದ್ದಿ, ರೀಬೂಟ್ ಮಾಡಿ, ಮಲಗಿಸಿದೆ. ಬೆಳಗ್ಗೆವರೆಗೂ ಮಲಗಿತ್ತು. ಕೀಬೋರ್ಡ್ ಒತ್ತಿದಾಗ ಎದ್ದಿತು. ಹೊಸ ತೇಪೆ ಒಂದೂ ಬೇಕಾಗಲಿಲ್ಲ. ಇದ್ದ ಒಂದು ಸುಳ್ಳನ್ನು ತೆಗೆದು ನಿಜ ಬರೆದದ್ದೇ ಮದ್ದಾಯಿತು.

ಗೆಳೆಯನಿಗೆ ಅವನದೇ ಮ್ಯಾಪ್ ಬರೆಸಿದೆ. ಗೊಣಗುತ್ತ ಮಾಡಿದ.

ಅಂದಿನಿಂದ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಎಲ್ಲ ಸರಿಯಾಗಿ ಓಡುತ್ತಿರುವಾಗ ಒಂದು ಪೆನ್‌ಡ್ರೈವ್‌ಗೆ ಇಎಫ್‌ಐ ನಕಲು ಮಾಡಿ, ಅದರಲ್ಲಿ ಒಂದು ತೇಪೆ ತೆಗೆದು ಅದರಿಂದ ಬೂಟ್ ಮಾಡಿ ನೋಡುತ್ತೇನೆ. ಓಡಿದರೆ ಅದು ಬೇಕಿರಲಿಲ್ಲ. ನಿಂತರೆ ಎಲ್ಲಿ ನಿಂತಿತು ಅಂತ ಬರೆದುಕೊಂಡು ವಾಪಸ್ ಹಾಕುತ್ತೇನೆ. ಡಿಸ್ಕ್‌ನ ಇಎಫ್‌ಐಗೆ ಕೈ ಹಾಕುವುದಿಲ್ಲ, ಹಾಗಾಗಿ ಏನೇ ಆದರೂ ಪೆನ್‌ಡ್ರೈವ್ ಕಿತ್ತರೆ ಮುಗಿಯಿತು. ಓಪನ್‌ಕೋರ್‌ನ ಡೀಬಗ್ ಆವೃತ್ತಿ ಇಟ್ಟುಕೊಂಡರೆ ತಾನು ಮಾಡಿದ್ದನ್ನೆಲ್ಲ ಇಎಫ್‌ಐನಲ್ಲೇ ಒಂದು ಲಾಗ್ ಫೈಲ್‌ಗೆ ಬರೆದಿಡುತ್ತದೆ. ಓಪನ್‌ಕೋರ್ ಜೊತೆ ಬರುವ ಓಸಿವ್ಯಾಲಿಡೇಟ್ ಕಾನ್ಫಿಗ್‌ನಲ್ಲಿನ ಕಾಗುಣಿತದ ಥರದ ತಪ್ಪುಗಳನ್ನು ಹಿಡಿಯುತ್ತದೆ. ಇವೆರಡನ್ನೂ ಬಳಸದೆ ಸಹಾಯ ಕೇಳುವವರ ಮೇಲೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ನಿಜ.

ಸೀರಿಯಲ್ ನಂಬರ್ ಬಗ್ಗೆ ಒಂದು ಮಾತು. ಬೇರೆ ಸುಳ್ಳುಗಳನ್ನು ಹೇಳುವುದು ನಮ್ಮ ಯಂತ್ರಕ್ಕೆ. ಇದು ಹಾಗಲ್ಲ. ಹೊಸದಾಗಿ ಹುಟ್ಟಿಸಿದ ನಂಬರ್ ಅಕಸ್ಮಾತ್ ಯಾರೋ ಕೊಂಡ ನಿಜವಾದ ಮ್ಯಾಕ್‌ನದಾಗಿದ್ದರೆ ತೊಂದರೆ ಅವರಿಗೂ ಬರಬಹುದು. ಆಪಲ್‌ನ ವಾರಂಟಿ ಪುಟದಲ್ಲಿ ಹಾಕಿ ನೋಡಿ, ಅಂಥ ನಂಬರ್ ಇಲ್ಲ ಅಂತ ಬಂದರೆ ಮಾತ್ರ ಬಳಸಬೇಕು.

ಇನ್ನು ಈ ಆಟ ಎಷ್ಟು ದಿನ? 2020ರ ನವೆಂಬರ್‌ನಲ್ಲಿ ಆಪಲ್‌ನ ಸ್ವಂತ ಚಿಪ್ ಎಂ1 ಬಂದಾಗಲೇ ಉತ್ತರ ಕಾಣಿಸಿತ್ತು. 2023ರಲ್ಲಿ ಮ್ಯಾಕ್ ಪ್ರೊ ಕೂಡ ಇಂಟೆಲ್ ಬಿಟ್ಟಿತು. ಅದೇ ವರ್ಷ ಬಂದ ಸೊನೋಮಾ, ಹ್ಯಾಕಿಂಟಾಶ್ ಮಂದಿ ಹುಡುಕಿ ಹುಡುಕಿ ಹಾಕಿಕೊಳ್ಳುತ್ತಿದ್ದ ಹಳೆಯ ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳನ್ನು ಕೈಬಿಟ್ಟಿತು. 2025ರ ತಾಹೋ ಇಂಟೆಲ್‌ಗೆ ಕೊನೆಯ ಮ್ಯಾಕ್‌ಓಎಸ್ ಅಂತ ಆಪಲ್ ಹೇಳಿದೆ. ಗಡಿಯಾರದ ಬಗ್ಗೆ, ಪೋರ್ಟ್‌ಗಳ ಬಗ್ಗೆ, ಮಾಡೆಲ್ ಹೆಸರಿನ ಬಗ್ಗೆ ಏನಾದರೂ ಹೇಳಿ ನಂಬಿಸಬಹುದು. ಆದರೆ ಎಂ1 ಥರದ ಚಿಪ್‌ಗಳ ಆರ್ಮ್ ಆದೇಶಗಳಿಗೆ ಬರೆದ ಕರ್ನಲ್‌ಗೆ ಇಂಟೆಲ್ ಪ್ರೊಸೆಸರ್ ಕೊಟ್ಟು ಏನು ಹೇಳುವುದು? ಆಪಲ್ ಸಿಲಿಕಾನ್‌ನಲ್ಲಿ ಗ್ರಾಫಿಕ್ಸ್, ಮೆಮೊರಿ ಕಂಟ್ರೋಲರ್, ಭದ್ರತೆಯ ಭಾಗ ಎಲ್ಲ ಅದೇ ಚಿಪ್‌ನ ಒಳಗೆ. ಹೊರಗಡೆ ಕೊಂಡು ಜೋಡಿಸುವುದಕ್ಕೆ ಬಿಡಿಭಾಗವೇ ಇಲ್ಲ.

ನನ್ನ ಯಂತ್ರ ಈಗ ತಾಹೋಗೆ ಹಿಂದಿನ ಸಿಕೋಯಾದಲ್ಲಿ ನಿಂತಿದೆ. ಅದು ತನ್ನನ್ನು 2019ರ ಐಮ್ಯಾಕ್ ಅಂದುಕೊಂಡಿದೆ. ಆ ಐಮ್ಯಾಕ್ ತಾಹೋ ಪಟ್ಟಿಯಲ್ಲಿ ಇಲ್ಲ, 2020ರದ್ದು ಇದೆ. ಒಂದು ವರ್ಷ ಚಿಕ್ಕದು ಅಂತ ಹೇಳಿಸಿದರೆ ಹಾಕಿಕೊಳ್ಳಬಹುದು. ನಾನು ಹೋಗಿಲ್ಲ. ನನಗೆ ಬೇಕಾದ ಪ್ರೋಗ್ರಾಂಗಳೆಲ್ಲ ಇದರಲ್ಲೇ ಓಡುತ್ತಿವೆ, ಭದ್ರತೆಯ ಅಪ್‌ಡೇಟ್ ಬರುವವರೆಗೆ ಹೀಗೇ ಇಟ್ಟು, ನಿಂತ ಮೇಲೆ ಅದೇ ಪೆಟ್ಟಿಗೆಗೆ ಲಿನಕ್ಸ್ ಹಾಕುವ ಲೆಕ್ಕ. ಮನೆಯಲ್ಲಿ ಹೊಂದುವ ಹಾರ್ಡ್‌ವೇರ್ ಸುಮ್ನೆ ಬಿದ್ದಿದ್ದರೆ, ಎಸಿಪಿಐ ಅಂದರೇನು ಅಂತ ಕಲಿಯುವ ಆಸೆ ಇದ್ದರೆ, ಈಗಲೂ ಒಂದು ಕೈ ನೋಡಬಹುದು. ಇದಕ್ಕೋಸ್ಕರ ಹೊಸದಾಗಿ ಭಾಗಗಳನ್ನು ಮಾತ್ರ ಕೊಳ್ಳಬೇಡಿ. ಮ್ಯಾಕ್‌ಓಎಸ್ಸೇ ಬೇಕು ಅನ್ನುವವರಿಗೆ ಯಾರೋ ಬಳಸಿ ಬಿಟ್ಟ ಎಂ1 ಮ್ಯಾಕ್ ಮಿನಿ ಧಾರಾಳ ಸಾಕು, ಅದರಲ್ಲಿ ಯುಎಸ್‌ಬಿ ಮ್ಯಾಪ್ ಬರೆಯುವ ಗೋಜೂ ಇಲ್ಲ.